ಕೋರ್ಸ್ ಪಿ.ಆರ್. ಕೊಡುವುದಿಲ್ಲ: ಮಕ್ಕಳನ್ನು ವಿದೇಶಕ್ಕೆ ಓದಲು ಕಳುಹಿಸುವ ಮುನ್ನ



ಸುಂಟಿಕೊಪ್ಪ, ಮಾದಾಪುರ, ಏಳನೇ ಹೊಸಕೋಟೆ ಕಡೆಯ ನಮ್ಮ ಮನೆಗಳಿಗೆ ಗಲ್ಫ್ ಹೊಸದಲ್ಲ. ಆದರೆ ಅಲ್ಲಿನ ಬದುಕು ಕೆಲಸದ ವೀಸಾದ ಮೇಲೆ ನಿಂತಿದೆ. ಕೆಲಸ ಮುಗಿದರೆ ಸಾಮಾನ್ಯವಾಗಿ ಊರಿಗೆ ಮರಳಬೇಕು. ಆದ್ದರಿಂದ ಈಗಿನ ಯುವಕರ ಪ್ರಶ್ನೆ ಬೇರೆ: "ಉಸ್ತಾದ್, ಯಾವ ಕೋರ್ಸ್ ಓದಿದರೆ ಪಿ.ಆರ್. ಸಿಗುತ್ತದೆ?" ಪಿ.ಆರ್. ಎಂದರೆ ಆ ದೇಶದಲ್ಲಿ ಖಾಯಂ ಆಗಿ ನೆಲೆಸುವ ಪರವಾನಗಿ. ಅದು ಪೌರತ್ವವಲ್ಲ, ಪಿ.ಆರ್. ಸಿಕ್ಕವರ ಕೈಯಲ್ಲಿ ಭಾರತದ ಪಾಸ್‌ಪೋರ್ಟೇ ಇರುತ್ತದೆ.

ಮೊದಲು ತಿಳಿಯಬೇಕಾದದ್ದು, ಯಾವ ಕೋರ್ಸೂ ತಾನಾಗಿ ಪಿ.ಆರ್. ಕೊಡುವುದಿಲ್ಲ. ಸಾಮಾನ್ಯವಾಗಿ ದಾರಿಯಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಒಂದು, ಓದುವ ವೀಸಾ. ಎರಡು, ಓದಿದ ಮೇಲೆ ಕೆಲಸ ಹುಡುಕಲು ಸಿಗುವ ಅವಧಿ. ಮೂರು, ಓದಿಗೆ ತಕ್ಕ ಕೌಶಲದ ಕೆಲಸ. ನಾಲ್ಕು, ಪಿ.ಆರ್. ಅರ್ಜಿ. ಏಜೆಂಟರು ಮೊದಲನೆಯ ಮೆಟ್ಟಿಲನ್ನು ತೋರಿಸಿ ನಾಲ್ಕನೆಯದರ ಆಸೆ ಹುಟ್ಟಿಸುತ್ತಾರೆ. ನಾವು ವಿಚಾರಿಸಬೇಕಾದದ್ದು ನಡುವಿನ ಎರಡನ್ನು.

ಕೆನಡಾವನ್ನು ನೋಡೋಣ. ಓದಿದ ನಂತರ ಅಲ್ಲಿ ಗರಿಷ್ಠ 3 ವರ್ಷದ ಕೆಲಸದ ಪರವಾನಗಿ ಸಿಗಬಹುದು. ಆದರೆ 2024ರ ನವೆಂಬರ್ 1ರ ನಂತರ ಓದುವ ಪರವಾನಗಿಗೆ ಅರ್ಜಿ ಹಾಕಿದವರು ಕಾಲೇಜು ಡಿಪ್ಲೊಮಾ ಓದುವುದಾದರೆ, ಆ ವಿಷಯ ಸರಕಾರದ ಪಟ್ಟಿಯಲ್ಲಿ ಇರಬೇಕು. ಆರೋಗ್ಯ, ಕೃಷಿ, ವಿಜ್ಞಾನ-ತಂತ್ರಜ್ಞಾನ, ಸಾರಿಗೆ, ಕಸುಬಿನ ಕೆಲಸಗಳು ಇಂಥ ಕ್ಷೇತ್ರಗಳು. ವಿಶ್ವವಿದ್ಯಾಲಯದ ಪದವಿ, ಸ್ನಾತಕೋತ್ತರ ಪದವಿಗೆ ಈ ಷರತ್ತಿಲ್ಲ. ಪಟ್ಟಿಯಲ್ಲಿಲ್ಲದ ಡಿಪ್ಲೊಮಾ ಓದಿದವನಿಗೆ ಎರಡನೆಯ ಮೆಟ್ಟಿಲೇ ಇರುವುದಿಲ್ಲ. ಅಡ್ಮಿಷನ್ ಪತ್ರ ನಿಜವಾದದ್ದೇ ಆಗಿದ್ದರೂ ಇದು ಹೀಗೆಯೇ.

ಕೆನಡಾದ ಅನುಭವದ ಆಧಾರದಲ್ಲಿ ಅರ್ಜಿ ಹಾಕಲು ಕನಿಷ್ಠ 1 ವರ್ಷದ ಕೌಶಲದ ಕೆಲಸ ಬೇಕು. ಓದುವಾಗ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ದುಡಿದದ್ದು ಇದಕ್ಕೆ ಲೆಕ್ಕವಿಲ್ಲ. ಆ 1 ವರ್ಷವೂ ಸಾಲಿನಲ್ಲಿ ನಿಲ್ಲುವ ಅರ್ಹತೆ ಮಾತ್ರ. ನಂತರ ವಯಸ್ಸು, ಭಾಷೆ, ಓದು, ಅನುಭವಗಳಿಗೆ ಅಂಕ ಕೊಟ್ಟು ಮೇಲಿನವರನ್ನು ಕರೆಯುತ್ತಾರೆ. ವಯಸ್ಸಿನ ಪೂರ್ಣ ಅಂಕ 20ರಿಂದ 29ರವರೆಗೆ, 30ರಿಂದ ಇಳಿಯುತ್ತದೆ. ಗಲ್ಫಿನಲ್ಲಿ ಹತ್ತು ವರ್ಷ ದುಡಿದು ಆಮೇಲೆ ಓದಲು ಹೊರಡುವವರು ಇದನ್ನು ಗಮನಿಸಬೇಕು. ಆಸ್ಟ್ರೇಲಿಯಾದಲ್ಲೂ 2024ರ ಜುಲೈಯಿಂದ ಓದಿನ ನಂತರದ ವೀಸಾಕ್ಕೆ ಹೆಚ್ಚಿನವರಿಗೆ 35 ವರ್ಷದ ಮಿತಿ ಬಂದಿದೆ.

ಬ್ರಿಟನ್‌ನಲ್ಲಿ 1 ವರ್ಷದಲ್ಲಿ ಮಾಸ್ಟರ್ಸ್ ಮುಗಿಯುತ್ತದೆ ಎಂದು ಅನೇಕರು ಹೋಗುತ್ತಾರೆ. ಓದಿದ ನಂತರ 2 ವರ್ಷ ಇರಬಹುದು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವಿ, ಮಾಸ್ಟರ್ಸ್‌ನವರಿಗೆ ಅದು 18 ತಿಂಗಳು. ಆದರೆ ಓದಿನ ವರ್ಷವಾಗಲಿ ಈ ಅವಧಿಯಾಗಲಿ ಉದ್ಯೋಗದ ದಾರಿಯ ಖಾಯಂ ನೆಲೆಯ ಲೆಕ್ಕಕ್ಕೆ ಸೇರುವುದಿಲ್ಲ. ಒಂದು ಕಂಪೆನಿ ಸ್ಪಾನ್ಸರ್ ಮಾಡಿ ಸ್ಕಿಲ್ಡ್ ವರ್ಕರ್ ವೀಸಾ ಸಿಕ್ಕ ಮೇಲೆಯೇ ಲೆಕ್ಕ ಶುರು.

ಜರ್ಮನಿಯ ದಾರಿ ಬೇರೆ. ಅಲ್ಲಿನ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಜೀವನ ವೆಚ್ಚಕ್ಕೆ ವರ್ಷಕ್ಕೆ ಸುಮಾರು 11,904 ಯೂರೋ ವಿಶೇಷ ಖಾತೆಯಲ್ಲಿ ತೋರಿಸಬೇಕು, ಅದು ನಮ್ಮ ಹಣವೇ, ತಿಂಗಳು ತಿಂಗಳು ಕೈಗೆ ಬರುತ್ತದೆ. ಭಾರತೀಯರ ಅಂಕಪಟ್ಟಿಗಳನ್ನು ಪರಿಶೀಲಿಸುವ ಎ.ಪಿ.ಎಸ್. ಪ್ರಮಾಣಪತ್ರ 2022ರ ನವೆಂಬರಿನಿಂದ ಕಡ್ಡಾಯ. ಪದವಿಯ ನಂತರ ಕೆಲಸ ಹುಡುಕಲು 18 ತಿಂಗಳು. ಅಲ್ಲಿಯೇ ಓದಿದವರು ತಕ್ಕ ಕೆಲಸದಲ್ಲಿ 2 ವರ್ಷ ಪೂರೈಸಿ, ಪಿಂಚಣಿ ವಂತಿಗೆ ಕಟ್ಟಿ, ಜರ್ಮನ್ ಭಾಷೆಯಲ್ಲಿ ಬಿ-1 ಮಟ್ಟ ತಲುಪಿದರೆ ಖಾಯಂ ನೆಲೆಗೆ ಅರ್ಜಿ ಹಾಕಬಹುದು. ನರ್ಸಿಂಗ್‌ನಂಥ ಕ್ಷೇತ್ರಗಳಲ್ಲಿ 'ಔಸ್‌ಬಿಲ್ಡುಂಗ್' ಎಂಬ ಸುಮಾರು 3 ವರ್ಷದ ತರಬೇತಿಯೂ ಇದೆ, ಕಲಿಯುವಾಗಲೇ ಸಂಬಳ ಸಿಗುತ್ತದೆ. ಬೆಲೆ ತೆರಬೇಕಾದದ್ದು ಭಾಷೆಗೆ. ಭಾಷೆ ಕಲಿಯದೆ ಹೋದವನಿಗೆ ಅಲ್ಲಿ ಕೆಲಸ ಸಿಗುವುದು ಕಷ್ಟ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತು ಪರೀಕ್ಷೆ ಬರೆಯಬಹುದು. ಆ ಭಾಷೆ ತಲೆಗೆ ಹತ್ತುತ್ತದೋ ಇಲ್ಲವೋ ಎಂಬುದು ಜಮೀನು ಮಾರುವ ಮೊದಲೇ ತಿಳಿಯುತ್ತದೆ.

ಇನ್ನು ಹಣದ ವಿಷಯ. ಕಾಫಿ, ಕರಿಮೆಣಸಿನ ಎರಡು ಎಕರೆ ಮಾರಿ, ತಾಯಿಯ ಚಿನ್ನ ಅಡವಿಟ್ಟು ಮಗನನ್ನು ಕಳುಹಿಸಿದರೆ, ಅದು ಅವನೊಬ್ಬನ ಓದಲ್ಲ. ಅದರಲ್ಲಿ ತಂಗಿಯ ಹಕ್ಕೂ ಇದೆ, ತಂದೆಯ ಮುಪ್ಪೂ ಇದೆ. ಆ ಹಣ ಅವನ ಕೈಯಲ್ಲಿ ಅಮಾನತ್. ಬಡ್ಡಿಯ ಸಾಲ ಮೊದಲ ದಾರಿಯಾಗಬಾರದು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ಓದಿನ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆ 2022-23ರಿಂದ ನಿಂತಿದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಸಾಲ ಯೋಜನೆ ಇದೆ. ಈ ವರ್ಷದ ಷರತ್ತು, ಮೊತ್ತ, ಕೊನೆಯ ದಿನಾಂಕಗಳನ್ನು ಮಡಿಕೇರಿಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಶುಲ್ಕವಿಲ್ಲದ ವಿಶ್ವವಿದ್ಯಾಲಯ, ವಿದ್ಯಾರ್ಥಿವೇತನ, ಬಂಧುಗಳ ಬಡ್ಡಿರಹಿತ ಸಾಲ, ಈ ಬಾಗಿಲುಗಳನ್ನೆಲ್ಲ ತಟ್ಟಿದ ಮೇಲೆಯೂ ಉಳಿದ ಇಕ್ಕಟ್ಟನ್ನು ನೀವು ನಂಬುವ ಆಲಿಮರ ಮುಂದೆ ಪೂರ್ತಿ ಲೆಕ್ಕದೊಂದಿಗೆ ಇಡಿ.

ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರ 282, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಏಜೆಂಟರ ಜೊತೆಗೂ ಅದೇ ಎಚ್ಚರ ಇರಲಿ. ಶುಲ್ಕ ಎಷ್ಟು, ವೀಸಾ ತಿರಸ್ಕೃತವಾದರೆ ಎಷ್ಟು ವಾಪಸ್, ಎಲ್ಲವೂ ಬರಹದಲ್ಲಿರಲಿ. "ಪಿ.ಆರ್. ಗ್ಯಾರಂಟಿ" ಎಂದವರಿಂದ ದೂರವಿರಿ. ಅದು ಆ ದೇಶದ ಸರಕಾರದ ಕೈಯಲ್ಲಿದೆ. 2023ರಲ್ಲಿ ನಕಲಿ ಅಡ್ಮಿಷನ್ ಪತ್ರಗಳ ಕಾರಣಕ್ಕೆ ಅನೇಕ ಭಾರತೀಯ ವಿದ್ಯಾರ್ಥಿಗಳು ಕೆನಡಾದಿಂದ ಗಡೀಪಾರಿನ ಭೀತಿ ಎದುರಿಸಿದರು. ಪತ್ರ ಬಂದ ಕೂಡಲೇ ಆ ಕಾಲೇಜಿಗೆ ನೀವೇ ಇಮೇಲ್ ಬರೆದು ಖಚಿತಪಡಿಸಿಕೊಳ್ಳಿ. ಅರ್ಜಿಯ ಪಾಸ್‌ವರ್ಡ್ ಮಗನ ಕೈಯಲ್ಲಿರಲಿ.

ವೀಸಾ ಕೂಡ ಒಂದು ಕರಾರು. ಅಬಿಸೀನಿಯಾಕ್ಕೆ ಹೋದ ಸಹಾಬಿಗಳು ಮುಸ್ಲಿಮೇತರ ದೊರೆಯ ಆಶ್ರಯದಲ್ಲಿ ಬದುಕಿದರು, ಅವನ ಮುಂದೆ ಸುಳ್ಳಾಡಲಿಲ್ಲ. ಖಾತೆಯಲ್ಲಿ ಒಂದು ವಾರಕ್ಕೆ ಬೇರೆಯವರ ಹಣ ಇಟ್ಟು ತೋರಿಸುವುದು, ಅನುಮತಿ ಮೀರಿ ದುಡಿಯುವುದು ಮಾತು ಮುರಿದಂತೆ. ಕೆನಡಾದಲ್ಲಿ ಓದಿನ ಅವಧಿಯಲ್ಲಿ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ಎಂದರೆ 24 ಗಂಟೆಯೇ.

ಕೊನೆಯದಾಗಿ, ನಿಯಮಗಳು ಓದು ಮುಗಿಯುವುದರೊಳಗೆ ಬದಲಾಗಬಹುದು. ಆದ್ದರಿಂದ ಮನೆಯಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಪಿ.ಆರ್. ಸಿಗದೆ ಮರಳಿದರೂ ಈ ಓದಿನಿಂದ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ದುಡಿದು ಸಾಲ ತೀರಿಸಬಹುದೇ? ಹೌದು ಎಂದಾದರೆ ಬಿಸ್ಮಿ ಹೇಳಿ ಹೊರಡಿ. ಇಲ್ಲ ಎಂದಾದರೆ ಆ ಕೋರ್ಸ್ ಬಿಟ್ಟು ಬೇರೆಯದನ್ನು ಹುಡುಕಿ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ ಹಲಾಲ್ ಆದ ಸಂಪಾದನೆಯನ್ನೂ ಕರುಣಿಸಲಿ. ಆಮೀನ್.