ಸಣ್ಣ ಕಾರ್ಖಾನೆಯ ಪರವಾಗಿ ಮಾತನಾಡುವವರು

ಪದಾರ್ಥವನ್ನು ತಯಾರಿಸುವುದು ಒಂದು ವಿದ್ಯೆ. ಅದು ಇಂಥಲ್ಲಿ ದೊರೆಯುತ್ತದೆಂದು ಬೇಕಾದವರಿಗೆ ತಿಳಿಸುವುದು ಇನ್ನೊಂದು ವಿದ್ಯೆ. ಎರಡೂ ಒಬ್ಬರಲ್ಲಿಯೇ ಕೂಡಿಬರುವುದು ಅಪರೂಪ. ಲೇತಿನ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಉಕ್ಕನ್ನು ಕಡೆಯಬಲ್ಲ ಕುಶಲಿ, ತನ್ನ ಕೆಲಸವನ್ನು ಕುರಿತು ನಾಲ್ಕು ವಾಕ್ಯ ಬರೆಯಬೇಕೆಂದರೆ ಹಿಂಜರಿಯುತ್ತಾನೆ. ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳಲ್ಲಿ ಇದಕ್ಕೆ ನಿದರ್ಶನ ಬೀದಿಬೀದಿಗೂ ಉಂಟು. ಇಂಥ ಸಣ್ಣ ಉದ್ಯಮಿಯು ತನ್ನ ಪರವಾಗಿ ಪ್ರಚಾರದ ಕೆಲಸ ಮಾಡಲು ಹೊರಗಿನವರೊಬ್ಬರನ್ನು ಗೊತ್ತುಮಾಡಿಕೊಳ್ಳುವಾಗ ಏನೇನನ್ನು ನೋಡಬೇಕು, ಯಾವುದನ್ನು ಅವರ ಕೈಗೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಸ್ವಲ್ಪ ಹಿನ್ನೆಲೆ. ೧೯೫೩ರಲ್ಲಿ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಎಚ್.ಎಂ.ಟಿ., ಪ್ರಾರಂಭವಾಯಿತು. ಮರುವರ್ಷ ಅದೇ ಸೀಮೆಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ನೆಲೆಗೊಂಡಿತು. ೧೯೭೦ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡಾಗ, ಅಲ್ಲಿನ ಅನೇಕ ಶೆಡ್ಡುಗಳು ಇಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಟ್ಟೇ ಬೆಳೆದವು. ದೊಡ್ಡ ಕಾರ್ಖಾನೆಯಿಂದ ಡ್ರಾಯಿಂಗ್ ಬರುವುದು. ಶೆಡ್ಡಿನವರು ಅದರಂತೆ ಮಾಡಿ ಒಪ್ಪಿಸುವುದು. ಗಿರಾಕಿಯನ್ನು ಹುಡುಕಿಕೊಂಡು ಹೋಗುವ ಪ್ರಮೇಯವೇ ಇರಲಿಲ್ಲ. ಆದರೆ ಕಾಲ ಒಂದೇ ಸಮನೆ ಇರುವುದಿಲ್ಲವಷ್ಟೆ. ಎಚ್.ಎಂ.ಟಿ.ಯ ಕೈಗಡಿಯಾರದ ಕಂಪನಿಯನ್ನೇ ಮುಚ್ಚಲು ಕೇಂದ್ರ ಸಚಿವ ಸಂಪುಟ ೨೦೧೬ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ೨೦೨೦ರ ಲಾಕ್‌ಡೌನ್ ಬಂದಾಗ ಎಷ್ಟೋ ಯಂತ್ರಗಳು ತಿಂಗಳುಗಟ್ಟಲೆ ನಿಂತವು. ಒಬ್ಬನೇ ಗಿರಾಕಿಯನ್ನು ನಂಬಿದ ಶೆಡ್ಡಿಗೆ ಆ ಗಿರಾಕಿಯ ಕಷ್ಟವೇ ತನ್ನ ಕಷ್ಟ. ಅಲ್ಲಿ ದುಡಿಯುವ ಹತ್ತು ಹನ್ನೆರಡು ಮನೆಗಳ ಒಲೆ ಆ ಒಂದು ಪರ್ಚೇಸ್ ಆರ್ಡರಿನ ಮೇಲೆ ಉರಿಯುತ್ತಿರುತ್ತದೆ. ಹೊಸ ಗಿರಾಕಿಗಳನ್ನು ಹುಡುಕುವ ಕೆಲಸ ಆಡಂಬರವಲ್ಲ, ಜೀವನೋಪಾಯದ ಪ್ರಶ್ನೆ, ಎನ್ನುವುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ನಗರದ ಬೇರೆ ದಿಕ್ಕುಗಳನ್ನು ನೋಡಿ. ದಕ್ಷಿಣದಲ್ಲಿ ಕಿಯೋನಿಕ್ಸ್ ಸಂಸ್ಥೆ ೧೯೭೮ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಪೂರ್ವದಲ್ಲಿ, ಒಂದು ಕಾಲಕ್ಕೆ ಆಂಗ್ಲೋ ಇಂಡಿಯನ್ ಕುಟುಂಬಗಳ ವಸಾಹತಾಗಿದ್ದ ವೈಟ್‌ಫೀಲ್ಡ್ ೧೯೯೦ರ ದಶಕದಿಂದ ಈಚೆಗೆ ಸಾಫ್ಟ್‌ವೇರ್ ಕಂಪನಿಗಳ ಬೀಡಾಯಿತು. ಈ ಕಂಪನಿಗಳಲ್ಲಿ ಕೆಲವು ವರ್ಷ ಕೆಲಸಮಾಡಿ ಹೊರಬಂದು, ಮನೆಯಲ್ಲಿಯೇ ಕುಳಿತು ಹಲವರಿಗೆ ಬರೆಹ, ಚಿತ್ರ, ಜಾಹೀರಾತು, ವೆಬ್‌ಸೈಟು ಮಾಡಿಕೊಡುವ ತರುಣ ತರುಣಿಯರು ಈಗ ಬಹಳ ಮಂದಿ. ಅವರನ್ನು ಫ್ರೀಲ್ಯಾನ್ಸರ್ ಎಂದು ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಈ ಶಬ್ದ, ಯಾವ ಒಬ್ಬ ದೊರೆಗೂ ಕಟ್ಟುಬೀಳದೆ ಕೂಲಿಗೆ ಯುದ್ಧಮಾಡುವ ಭರ್ಜಿಯ ಸೈನಿಕನನ್ನು ಹೇಳುತ್ತಿತ್ತು. ಈಗ ಭರ್ಜಿಯ ಬದಲು ಲ್ಯಾಪ್‌ಟಾಪು ಬಂದಿದೆ. ಒಬ್ಬರಿಗೇ ಕಟ್ಟುಬೀಳದ ಗುಣ ಮಾತ್ರ ಉಳಿದಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಶೆಡ್ಡು ನಡೆಸುವವರೂ ಇದ್ದಾರೆ, ಈ ಬಗೆಯ ಕೆಲಸ ಮಾಡುವವರೂ ಇದ್ದಾರೆ. ಇಬ್ಬರ ದೂರುಗಳನ್ನೂ ಕೇಳಿದಮೇಲೆ ನನಗೆ ತೋರಿದ್ದು ಇಷ್ಟು: ಜಗಳ ಹುಟ್ಟುವುದು ಹೆಚ್ಚಾಗಿ ಕೆಲಸ ಕೆಟ್ಟದ್ದರಿಂದಲ್ಲ, ಏನು ಕೆಲಸವೆಂದು ಮೊದಲೇ ಹೇಳಿಕೊಳ್ಳದೆ ಇದ್ದುದರಿಂದ.

ಆದುದರಿಂದ ಹೊರಗಿನವರನ್ನು ಕರೆಯುವ ಮುನ್ನ ಒಂದು ಸಂಜೆ ನಿಮ್ಮ ಬಿಲ್ಲು ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಹೋದ ವರ್ಷ ಬಂದ ಹಣದಲ್ಲಿ ಯಾರಿಂದ ಎಷ್ಟು ಬಂತು? ಯಾವ ಕೆಲಸದಲ್ಲಿ ಲಾಭ ಉಳಿಯಿತು? ಯಾವ ಯಂತ್ರ ಎಷ್ಟು ದಿನ ಸುಮ್ಮನೆ ನಿಂತಿತ್ತು? ಈ ಮೂರಕ್ಕೂ ಉತ್ತರ ಸಿಕ್ಕರೆ, ಯಾರಿಗೆ ಏನನ್ನು ಹೇಳಬೇಕೆಂಬುದು ತಾನೇ ಹೊಳೆಯುತ್ತದೆ. ಇದನ್ನು ಬೇರೆ ಯಾರೂ ನಿಮಗಾಗಿ ಮಾಡಲಾರರು.

ಹಣ ಕೊಡದೆ ನೀವೇ ಮಾಡಬಹುದಾದ ಕೆಲವು ಕೆಲಸಗಳೂ ಉಂಟು. ೨೦೨೦ರ ಜುಲೈ ೧ರಿಂದ ಜಾರಿಗೆ ಬಂದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಅದಕ್ಕೆ ಹಣ ಕೇಳುವವರು ಮಧ್ಯವರ್ತಿಗಳೆಂದು ತಿಳಿಯಿರಿ. ೨೦೧೬ರಲ್ಲಿ ಪ್ರಾರಂಭವಾದ ಸರ್ಕಾರಿ ಇ-ಮಾರುಕಟ್ಟೆ, ಅಂದರೆ ಜೆಮ್, ಸಣ್ಣ ಉದ್ಯಮಗಳಿಗೂ ತೆರೆದಿದೆ. ಕೇಂದ್ರದ ಇಲಾಖೆಗಳೂ ಸಾರ್ವಜನಿಕ ಉದ್ದಿಮೆಗಳೂ ತಮ್ಮ ವಾರ್ಷಿಕ ಖರೀದಿಯಲ್ಲಿ ಶೇಕಡ ೨೫ನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕೆಂಬುದು ನೀತಿ. ತುಮಕೂರು ರಸ್ತೆಯ ಮಾದಾವರದ ಬಳಿ ಇರುವ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಎಂಬ ಯಂತ್ರೋಪಕರಣಗಳ ಮೇಳ ನಡೆಯುತ್ತದೆ. ಮಳಿಗೆ ಹಾಕುವ ಶಕ್ತಿ ಇಲ್ಲದಿದ್ದರೂ, ಕೈಯಲ್ಲಿ ಎರಡು ಮಾದರಿ ಹಿಡಿದು ಒಂದು ದಿನ ಸುತ್ತಿಬಂದರೆ ನಷ್ಟವೇನೂ ಇಲ್ಲ. ಇಷ್ಟಾದಮೇಲೂ ಉಳಿಯುವ ಕೆಲಸಕ್ಕೆ ಸಹಾಯ ಬೇಕು.

ಯಾರನ್ನು ಆರಿಸಬೇಕು? ಅವರು ಹಿಂದೆ ಮಾಡಿದ ಕೆಲಸವನ್ನು ನೋಡಿ. ಆದರೆ ಅದರ ಬಣ್ಣವನ್ನು ನೋಡಿ ಮರುಳಾಗಬೇಡಿ. “ಇದರಿಂದ ಆ ಗಿರಾಕಿಗೆ ಏನು ಪ್ರಯೋಜನವಾಯಿತು?” ಎಂದು ಕೇಳಿ. ಅವರನ್ನು ಒಂದು ದಿನ ಶೆಡ್ಡಿಗೆ ಕರೆಸಿಕೊಳ್ಳಿ. ವೈಟ್‌ಫೀಲ್ಡಿನಿಂದ ಪೀಣ್ಯಕ್ಕೆ ಬರುವುದು ಈಗ ಹಿಂದಿನಷ್ಟು ಪ್ರಯಾಸವಲ್ಲ. ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ ಬಂದು ಗಾಡಿ ಬದಲಾಯಿಸಿದರಾಯಿತು. ಎಲೆಕ್ಟ್ರಾನಿಕ್ ಸಿಟಿಗೂ ೨೦೨೫ರ ಆಗಸ್ಟಿನಿಂದ ಮೆಟ್ರೋ ಓಡುತ್ತಿದೆ. ಯಂತ್ರದ ಬಳಿ ನಿಂತು, “ಇದೇಕೆ ಹೀಗೆ? ಈ ಭಾಗ ಯಾವುದಕ್ಕೆ ಹೋಗುತ್ತದೆ?” ಎಂದು ಪ್ರಶ್ನೆ ಹಾಕುವವರು ನಿಮಗೆ ತಕ್ಕವರು. ಒಳಗೆ ಬಂದು ಐದು ನಿಮಿಷದಲ್ಲಿ ಎಲ್ಲವೂ ತಿಳಿಯಿತೆಂದು ಹೇಳುವವರನ್ನು ಒಂದು ಕಾಫಿ ಕೊಟ್ಟು ಕಳುಹಿಸಿ.

ಮೊದಲಿಗೇ ವರ್ಷದ ಒಪ್ಪಂದ ಬೇಡ. ಒಂದು ಚಿಕ್ಕ ಕೆಲಸವನ್ನು ಹಣ ಕೊಟ್ಟೇ ಮಾಡಿಸಿ ನೋಡಿ: ಒಂದು ಪುಟದ ಪರಿಚಯಪತ್ರವಾಗಬಹುದು, ಗೂಗಲ್ಲಿನಲ್ಲಿ ನಿಮ್ಮ ಶೆಡ್ಡಿನ ವಿವರ ಸರಿಯಾಗಿ ಹಾಕುವುದಾಗಬಹುದು. ಪರೀಕ್ಷೆಯ ನೆಪದಲ್ಲಿ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದು ನ್ಯಾಯವಲ್ಲ. ನಿಮ್ಮಿಂದ ಯಾರಾದರೂ ಐವತ್ತು ಬುಷ್‌ಗಳನ್ನು ಮಾದರಿಗೆಂದು ಬಿಟ್ಟಿ ಕೇಳಿದರೆ ನೀವು ಒಪ್ಪುತ್ತೀರಾ?

ಅವರು ಬರೆದುತಂದ ಪುಟವನ್ನು ಓದುವಾಗ ಒಂದು ಮಾತನ್ನು ನೆನಪಿಡಿ. ಕನ್ನಡ ಪಂಡಿತನಾದುದರಿಂದ ಇದನ್ನು ಸ್ವಲ್ಪ ಅಧಿಕಾರದಿಂದಲೇ ಹೇಳುತ್ತೇನೆ. ವಿಶೇಷಣ ಹೆಚ್ಚಾದಷ್ಟೂ ವಿಶೇಷ್ಯ ಕಾಣದಾಗುತ್ತದೆ. “ವಿಶ್ವದರ್ಜೆಯ ಗುಣಮಟ್ಟ, ಅತ್ಯುತ್ತಮ ಸೇವೆ, ಸಂಪೂರ್ಣ ತೃಪ್ತಿ” ಎಂಬ ವಾಕ್ಯವನ್ನು ಬೀಗ ಮಾಡುವವನೂ ಹಾಕಬಹುದು, ಬಿಸ್ಕತ್ತು ಮಾಡುವವನೂ ಹಾಕಬಹುದು. ಅದರ ಬದಲು ಹೀಗೆ ಬರೆದರೆ ನೋಡಿ: “೩೦೦ ಮಿಲಿಮೀಟರ್ ವ್ಯಾಸದವರೆಗಿನ ಉಕ್ಕು, ಹಿತ್ತಾಳೆ, ಅಲ್ಯುಮಿನಿಯಂ ಭಾಗಗಳನ್ನು ಡ್ರಾಯಿಂಗಿನಂತೆ ಟರ್ನಿಂಗ್ ಮಾಡಿಕೊಡುತ್ತೇವೆ. ೫೦ ಭಾಗಗಳ ಚಿಕ್ಕ ಆರ್ಡರನ್ನೂ ಒಪ್ಪುತ್ತೇವೆ. ಮೊದಲ ಮಾದರಿ ೧೦ ದಿನದಲ್ಲಿ.” ಖರೀದಿ ವಿಭಾಗದಲ್ಲಿ ಕುಳಿತ ಎಂಜಿನಿಯರಿಗೆ ಬೇಕಾದದ್ದು ಇದು. ಈ ಅಂಕಿಗಳನ್ನು ಕೊಡಬೇಕಾದವರು ನೀವು. ಅವುಗಳನ್ನು ಓರಣವಾಗಿ ಜೋಡಿಸಿ, ಓದಬೇಕಾದವರ ಕಣ್ಣಿಗೆ ಬೀಳುವಂತೆ ಮಾಡಬೇಕಾದವರು ಅವರು. ಇಷ್ಟನ್ನು ಇಬ್ಬರೂ ಒಪ್ಪಿಕೊಂಡರೆ ಅರ್ಧ ಕೆಲಸ ಆದಂತೆ.

ಒಪ್ಪಂದವನ್ನು ಬರೆಹದಲ್ಲಿಯೇ ಮಾಡಿಕೊಳ್ಳಿ. ಎರಡು ಪುಟ ಸಾಕು. ಏನು ಕೆಲಸ, ಎಷ್ಟು ದಿನದಲ್ಲಿ, ಎಷ್ಟು ಸಲ ತಿದ್ದಿಕೊಡಬೇಕು, ಹಣ ಯಾವಾಗ ಎಷ್ಟು, ಜಾಹೀರಾತಿಗೆ ಕಟ್ಟುವ ಹಣ ಅವರ ಸಂಭಾವನೆಯಿಂದ ಬೇರೆಯೇ, ಬಿಡಬೇಕೆನಿಸಿದರೆ ಎಷ್ಟು ದಿನದ ಮುನ್ಸೂಚನೆ, ಇವಿಷ್ಟೂ ಅದರಲ್ಲಿರಲಿ. ಇವುಗಳಲ್ಲದೆ ಅನೇಕರು ಮರೆಯುವ ಮೂರು ಸಂಗತಿಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಮೊದಲನೆಯದು ಬೀಗದ ಕೈ. ವೆಬ್‌ಸೈಟಿನ ಹೆಸರು, ಗೂಗಲ್ ಖಾತೆ, ವಾಟ್ಸಾಪ್ ವ್ಯವಹಾರದ ಸಂಖ್ಯೆ, ಜಾಹೀರಾತಿನ ಖಾತೆ, ಇವೆಲ್ಲ ನಿಮ್ಮ ಅಥವಾ ನಿಮ್ಮ ಸಂಸ್ಥೆಯ ಹೆಸರಿನಲ್ಲಿ, ನಿಮ್ಮ ಇ-ಮೇಲಿನಲ್ಲಿ ನೋಂದಣಿಯಾಗಬೇಕು. ಅವರಿಗೆ ನಿರ್ವಾಹಕರ ಅಧಿಕಾರ ಕೊಟ್ಟರೆ ಸಾಕು, ಒಡೆತನ ಬೇಡ. ಶೆಡ್ಡಿನ ಬಾಗಿಲಿನ ಬೀಗದ ಕೈಯನ್ನು ಯಾರಾದರೂ ಬಣ್ಣ ಬಳಿಯಲು ಬಂದವರಿಗೆ ಬಿಟ್ಟುಕೊಡುತ್ತಾರೆಯೆ? ಅವರು ಬೇರೆ ಊರಿಗೆ ಹೋದ ಮೇಲೆ ನಿಮ್ಮದೇ ಹೆಸರನ್ನು ನೀವು ಬೇಡಿ ಪಡೆಯುವಂತಾಗಬಾರದು.

ಎರಡನೆಯದು ಕೃತಿಯ ಹಕ್ಕು. ಹಣ ಕೊಟ್ಟೆವಾದುದರಿಂದ ಬರೆಹವೂ ನಮ್ಮದೇ ಎಂದು ಎಲ್ಲರೂ ಭಾವಿಸುತ್ತಾರೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆ ಹಾಗೆ ಹೇಳುವುದಿಲ್ಲ. ಸಂಬಳದ ನೌಕರನು ಕೆಲಸದ ಅಂಗವಾಗಿ ಬರೆದದ್ದು, ಬೇರೆ ಕರಾರಿಲ್ಲದಿದ್ದರೆ, ಯಜಮಾನನದು. ಹೊರಗಿನ ಸ್ವತಂತ್ರ ಲೇಖಕ ಬರೆದುಕೊಟ್ಟದ್ದರ ಮೊದಲ ಹಕ್ಕು ಲೇಖಕನದೇ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು ಸಾಮಾನ್ಯವಾಗಿ ತೆಗೆಸಿದವರದು. ಬರೆಹಕ್ಕೆ ಈ ಅನುಕೂಲವಿಲ್ಲ. ಹಕ್ಕನ್ನು ವಹಿಸಿಕೊಡುವ ಮಾತು ಬರೆಹದಲ್ಲಿದ್ದು, ಕೊಟ್ಟವರ ಸಹಿ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತ ಮಾತ್ರವೆಂದೂ ಕಾಯಿದೆ ಭಾವಿಸುತ್ತದೆ. ಆದುದರಿಂದ “ಪೂರ್ಣಾವಧಿಗೆ, ಎಲ್ಲ ದೇಶಗಳಿಗೆ” ಎಂಬ ಮಾತುಗಳನ್ನು ಸೇರಿಸಿಕೊಳ್ಳುವುದು ಜಾಣತನ.

ಮೂರನೆಯದು ಗುಟ್ಟು. ನಿಮ್ಮ ಮೇಜಿನ ಮೇಲಿರುವ ಡ್ರಾಯಿಂಗ್ ನಿಮ್ಮದಲ್ಲ, ಗಿರಾಕಿಯದು. ರಕ್ಷಣಾ ಇಲಾಖೆಗೋ ವಿಮಾನ ಕಾರ್ಖಾನೆಗೋ ಭಾಗ ಮಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಪ್ರಚಾರಕ್ಕೆಂದು ಬಂದವರಿಗೆ ಇದು ಹೊಳೆಯುವುದಿಲ್ಲ. ಹೊಳೆಯುವ ಭಾಗವೊಂದನ್ನು ಕಂಡು ಚಿತ್ರ ತೆಗೆದು ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟರೆ, ಹೊಸ ಗಿರಾಕಿ ಬರುವ ಮೊದಲೇ ಹಳೆಯ ಗಿರಾಕಿ ಹೋದಾನು. ಯಾವ ಚಿತ್ರವೂ ನಿಮ್ಮ ಒಪ್ಪಿಗೆಯಿಲ್ಲದೆ ಹೊರಬೀಳಕೂಡದೆಂದು ಕರಾರಿನಲ್ಲಿಯೇ ಬರೆಯಿರಿ. ಒಪ್ಪುವಾಗ ಚಿತ್ರದ ಹಿಂಬದಿಯಲ್ಲಿ ಗೋಡೆಗೆ ಅಂಟಿಸಿದ ಕಾಗದವನ್ನೂ ನೋಡಿ.

ಫಲವನ್ನು ಅಳೆಯುವುದು ಹೇಗೆ? ಎಷ್ಟು ಜನ ನೋಡಿದರು, ಎಷ್ಟು ಜನ ಮೆಚ್ಚಿದರು ಎಂಬ ಲೆಕ್ಕದಿಂದ ಕೆಲಸಗಾರರ ಸಂಬಳ ಹುಟ್ಟುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆಯಿರಿ: ವಿಚಾರಣೆ, ಕೊಟೇಶನ್, ಆರ್ಡರ್. ತಿಂಗಳಿಗೆ ₹೧೫,೦೦೦ದಂತೆ ಮೂರು ತಿಂಗಳು ಕೊಟ್ಟಿರೆಂದಿಟ್ಟುಕೊಳ್ಳೋಣ, ಒಟ್ಟು ₹೪೫,೦೦೦. ಆ ಅವಧಿಯಲ್ಲಿ ೪೦ ವಿಚಾರಣೆ ಬಂದು, ೧೦ ಕೊಟೇಶನ್ ಹೋಗಿ, ೨ ಆರ್ಡರ್ ಸಿಕ್ಕಿತೆನ್ನೋಣ. ಆ ಎರಡರಲ್ಲಿ ಉಳಿಯುವ ಲಾಭವೆಷ್ಟು, ಗಿರಾಕಿ ಮತ್ತೆ ಬರುವ ಸಂಭವವೆಷ್ಟು ಎಂದು ನೋಡಿ ತೀರ್ಮಾನಿಸಿ. ೪೦ರಲ್ಲಿ ೩೦ ಮಂದಿ ನೀವು ಮಾಡದ ವಸ್ತುವನ್ನೇ ಕೇಳಿದ್ದರೆ ವಿವರಣೆಯಲ್ಲಿ ದೋಷವುಂಟು. ಕೊಟೇಶನ್ ಹೋಗಿಯೂ ಆರ್ಡರ್ ಬಾರದಿದ್ದರೆ ದೋಷ ಬೆಲೆಯಲ್ಲೋ ವಿಳಂಬದಲ್ಲೋ ಇದ್ದೀತು. ಅದಕ್ಕೆ ಪ್ರಚಾರದವರನ್ನು ದೂರಬೇಡಿ.

“ಸಾವಿರ ದೂರವಾಣಿ ಸಂಖ್ಯೆಗಳ ಪಟ್ಟಿ ನನ್ನಲ್ಲಿದೆ, ಎಲ್ಲರಿಗೂ ಸಂದೇಶ ಕಳುಹಿಸೋಣ” ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ವಾಣಿಜ್ಯ ಸಂದೇಶಗಳಿಗೆ ಟ್ರಾಯ್ ೨೦೧೮ರಲ್ಲಿ ನಿಯಮಗಳನ್ನು ಮಾಡಿದೆ. ಕಳುಹಿಸುವವರು ಮೊದಲೇ ನೋಂದಣಿ ಮಾಡಿಸಬೇಕು. ಮಸಾಲೆಪುಡಿ, ಊದುಬತ್ತಿಗಳಂಥ ಮನೆಬಳಕೆಯ ಸರಕು ಮಾರುವವರು ಇನ್ನೂ ಎಚ್ಚರವಾಗಿರಬೇಕು. ದಾರಿತಪ್ಪಿಸುವ ಜಾಹೀರಾತಿಗೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕೆಳಗೆ ೧೦ ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಬರೆದವರು ಬೇರೆಯವರಾದರೂ ಮಾತು ನಿಮ್ಮದೆಂದೇ ಲೆಕ್ಕ.

ಕೊನೆಯದಾಗಿ ಹಣದ ವಿಷಯ. ದೊಡ್ಡ ಕಾರ್ಖಾನೆಗಳು ಬಿಲ್ಲಿನ ಹಣವನ್ನು ತಿಂಗಳುಗಟ್ಟಲೆ ತಡೆಯುತ್ತವೆಂಬುದು ಶೆಡ್ಡುಗಳಲ್ಲಿ ದಿನವೂ ಕೇಳುವ ಮಾತು. ಅದಕ್ಕಾಗಿಯೇ ೨೦೦೬ರ ಕಾಯಿದೆಯೊಂದು ಸಣ್ಣ ಉದ್ಯಮಗಳ ಬೆನ್ನಿಗೆ ನಿಂತಿದೆ. ಬರೆಹದ ಕರಾರಿದ್ದರೂ ಹಣ ಕೊಡುವ ಅವಧಿ ೪೫ ದಿನವನ್ನು ಮೀರಕೂಡದು. ಕರಾರಿಲ್ಲದಿದ್ದರೆ ೧೫ ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೂ ಚಕ್ರಬಡ್ಡಿ. ಆದರೆ ಈ ಕಾಯಿದೆ ಸರಕನ್ನು ಕೊಟ್ಟವರಿಗೆ ಮಾತ್ರವಲ್ಲ, ಸೇವೆಯನ್ನು ಸಲ್ಲಿಸಿದವರಿಗೂ ಸಲ್ಲುತ್ತದೆ. ನಿಮ್ಮ ಪರಿಚಯಪತ್ರ ಬರೆದುಕೊಟ್ಟ ಆ ತರುಣಿ ಉದ್ಯಮ್ ನೋಂದಣಿ ಮಾಡಿಸಿದ್ದರೆ, ಕಾಯಿದೆಯ ಕಣ್ಣಿನಲ್ಲಿ ಅವಳೂ ಒಂದು ಅತಿಸಣ್ಣ ಉದ್ಯಮ. ನೀವು ಅವಳ ದೊಡ್ಡ ಕಾರ್ಖಾನೆ. ನೋಂದಣಿ ಇಲ್ಲದಿದ್ದರೂ ನ್ಯಾಯ ಬೇರೆಯಾಗದು. ನಿಮ್ಮ ಬಿಲ್ಲಿಗೆ ಯಾವ ಗಡುವನ್ನು ಬಯಸುತ್ತೀರೋ ಅದೇ ಗಡುವಿನಲ್ಲಿ ಅವರ ಬಿಲ್ಲನ್ನು ಸಲ್ಲಿಸಿ. ಹಾಗೆ ಮಾಡುವ ಶೆಡ್ಡಿನ ವಿಷಯವಾಗಿ ಅವರು ನಾಲ್ಕು ಕಡೆ ಒಳ್ಳೆಯ ಮಾತನ್ನು ಹೇಳುತ್ತಾರೆ. ಆ ಮಾತಿಗೆ ನೀವು ಹಣ ಕೊಡಬೇಕಾಗುವುದಿಲ್ಲ.