ಊರು ನಮ್ಮದಲ್ಲ, ಬಿರುಗಾಳಿ ಬಾಗಿಲಲ್ಲಿ
ಪ್ರವಾಸದಲ್ಲಿ ಹರಿಕೇನ್ ಎದುರಾದಾಗ: ತಪ್ಪು ಕಲ್ಪನೆ ಮತ್ತು ಸತ್ಯ

ದಸರಾ ರಜೆ ಹತ್ತಿರ ಬಂದರೆ ನಮ್ಮವರಿಗೆ ತಿರುಗಾಟದ ಹುಮ್ಮಸ್ಸು. ಅಮೆರಿಕದಲ್ಲಿ ಮಗನೋ ಮಗಳೋ ಇದ್ದವರು ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್ ಮುಗಿಸಿಕೊಂಡು, ಫ್ಲೋರಿಡಾದ ಕಡಲಂಚಿನಲ್ಲಿ ಎರಡು ದಿನ ಇದ್ದು ಬರುವ ಲೆಕ್ಕ ಹಾಕುತ್ತಾರೆ. ಅಟ್ಲಾಂಟಿಕ್‌ನ ಹರಿಕೇನ್‌ಗಳಿಗೂ ಇದೇ ಸುಗ್ಗಿ. ಜೂನ್ 1ರಿಂದ ನವೆಂಬರ್ 30ರವರೆಗೆ ಅವುಗಳ ಕಾಲ. ಸೆಪ್ಟೆಂಬರ್ ಎರಡನೇ ವಾರಕ್ಕೆ ಅಬ್ಬರ ನೆತ್ತಿಗೇರುತ್ತದೆ, ಅಕ್ಟೋಬರಿನಲ್ಲೂ ಪೂರ್ತಿ ಇಳಿದಿರುವುದಿಲ್ಲ.

ಬೆಳಿಗ್ಗೆ ಎದ್ದರೆ ಹೋಟೆಲ್ ಕೋಣೆಯ ಬಾಗಿಲ ಸಂದಿಯಲ್ಲಿ ಒಂದು ಹಾಳೆ: ‘ಲೀ ಕೌಂಟಿಯ ಎ ವಲಯದಲ್ಲಿರುವವರು ಕೂಡಲೇ ಜಾಗ ಖಾಲಿ ಮಾಡಬೇಕು.’ ಓದಿದವರಿಗೆ ಹುಟ್ಟುವ ಮೊದಲ ಪ್ರಶ್ನೆಯೇ ಬೇರೆ. ಈ ಲೀ ಕೌಂಟಿ ಎಲ್ಲಿದೆ? ನಾವಿರುವುದು ಫೋರ್ಟ್ ಮೈಯರ್ಸ್ ಬೀಚಿನಲ್ಲಲ್ಲವೇ? ಆ ಬೀಚು ಇರುವುದು ಲೀ ಕೌಂಟಿಯಲ್ಲೇ ಎಂದು ಹೇಳುವವರು ಪಕ್ಕದಲ್ಲಿ ಯಾರೂ ಇಲ್ಲ.

ಯಾವ ರಸ್ತೆಗೆ ಮೊದಲು ನೀರು ನುಗ್ಗುತ್ತದೆ, ಯಾವ ದಾರಿ ಕೊನೆಯವರೆಗೆ ತೆರೆದಿರುತ್ತದೆ ಎಂಬುದು ಮಲ್ಪೆಯವರಿಗೆ ಮಲ್ಪೆಯ ಮಟ್ಟಿಗೆ ಗೊತ್ತು. ಫ್ಲೋರಿಡಾಕ್ಕೆ ಹೋದರೆ ಅದೇ ಮಲ್ಪೆಯವರೂ ಪರದೇಶಿಗಳೇ. ಊರು ಗೊತ್ತಿಲ್ಲದ ಆ ಖಾಲಿ ಜಾಗವನ್ನು ತುಂಬಿಕೊಳ್ಳುವುದು ಅಲ್ಲಿ ಇಲ್ಲಿ ಕೇಳಿದ ಮಾತುಗಳು. ಅವುಗಳಲ್ಲಿ ಕೆಲವನ್ನು ಇಲ್ಲಿ ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ: ಹರಿಕೇನ್ ಎಂದರೆ ನಮಗೆ ಗೊತ್ತಿಲ್ಲದ ಯಾವುದೋ ಬೇರೆ ಪ್ರಾಣಿ.

ಸತ್ಯ: ಹೆಸರು ಬೇರೆ, ಪ್ರಾಣಿ ಒಂದೇ. ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಜಪಾನ್ ಕಡೆ ಟೈಫೂನ್, ನಮ್ಮಲ್ಲಿ ಸೈಕ್ಲೋನ್ ಅಥವಾ ಚಂಡಮಾರುತ. ಬೆಚ್ಚಗಿನ ಕಡಲಿನಿಂದ ಶಕ್ತಿ ಹೀರಿ ಸುತ್ತುವ ಮಾರುತವೇ ಎಲ್ಲವೂ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಸವರಿಕೊಂಡು ಗುಜರಾತಿಗೆ ಹೋದ ತೌಕ್ತೆ ಇದೇ ಜಾತಿಯದು. ಹಾಗಾಗಿ ಇಲ್ಲಿ ಹೇಳುವ ಬಹುಪಾಲು ಮಾತು ಅಕ್ಟೋಬರಿನಲ್ಲಿ ಪುರಿಗೋ ವಿಶಾಖಪಟ್ಟಣಕ್ಕೋ ಹೋಗುವವರಿಗೂ ಸಲ್ಲುತ್ತದೆ. ವಿಶಾಖಪಟ್ಟಣಕ್ಕೆ ಹುದ್‌ಹುದ್ ಅಪ್ಪಳಿಸಿದ್ದು 2014ರ ಅಕ್ಟೋಬರ್ 12ರಂದು.

ತಪ್ಪು ಕಲ್ಪನೆ: ಎಷ್ಟನೇ ದರ್ಜೆಯ ಹರಿಕೇನ್ ಎಂದು ತಿಳಿದರೆ ಅಪಾಯ ಎಷ್ಟೆಂದು ತಿಳಿದಂತೆ.

ಸತ್ಯ: ಟಿವಿಯವರು ಗಳಿಗೆಗೊಮ್ಮೆ ಹೇಳುವ 1ರಿಂದ 5ರವರೆಗಿನ ದರ್ಜೆ ಸಫೀರ್-ಸಿಂಪ್ಸನ್ ಮಾಪಕದ್ದು. ಅದು ಅಳೆಯುವುದು ಗಾಳಿಯ ವೇಗವನ್ನು ಮಾತ್ರ. ಗಂಟೆಗೆ 119 ಕಿ.ಮೀ. ದಾಟಿದರೆ 1ನೇ ದರ್ಜೆ, 252 ಮುಟ್ಟಿದರೆ 5ನೆಯದು. ಕಡಲು ಎಷ್ಟು ಉಕ್ಕುತ್ತದೆ, ಮಳೆ ಎಷ್ಟು ಸುರಿಯುತ್ತದೆ ಎಂಬುದು ಆ ಲೆಕ್ಕದಲ್ಲೇ ಇಲ್ಲ. ಕೊಲ್ಲುವುದು ಮಾತ್ರ ಹೆಚ್ಚಾಗಿ ನೀರು. 1963ರಿಂದ 2012ರವರೆಗೆ ಅಮೆರಿಕದಲ್ಲಿ ಹರಿಕೇನ್‌ಗಳ ನೇರ ಹೊಡೆತಕ್ಕೆ ಸತ್ತವರನ್ನು ಅಲ್ಲಿನ ರಾಷ್ಟ್ರೀಯ ಹರಿಕೇನ್ ಕೇಂದ್ರ ಲೆಕ್ಕ ಹಾಕಿ ನೋಡಿತು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ನೀರಿಗೆ ಬಲಿಯಾದವರು. ಅದರಲ್ಲೂ ಕಡಲುಕ್ಕಿಗೆ ಸಿಕ್ಕವರೇ ಒಟ್ಟು ಸಾವಿನ ಅರ್ಧದಷ್ಟು.

ಫೋರ್ಟ್ ಮೈಯರ್ಸ್ ಕಡೆಯವರಿಗೆ ಈ ಪಾಠ ಬಲು ದುಬಾರಿಯಾಯಿತು. 2004ರ ಆಗಸ್ಟ್‌ನಲ್ಲಿ ಚಾರ್ಲಿ ಎಂಬ ಹರಿಕೇನ್ ಕಾಯೊ ಕೋಸ್ಟಾ ದ್ವೀಪದ ಬಳಿ ನೆಲ ಮುಟ್ಟಿತ್ತು. 4ನೇ ದರ್ಜೆ, ಗಾಳಿ ಗಂಟೆಗೆ ಸುಮಾರು 240 ಕಿ.ಮೀ. ಹದಿನೆಂಟು ವರ್ಷದ ನಂತರ, 2022ರ ಸೆಪ್ಟೆಂಬರ್ 28ರಂದು ಇಯಾನ್ ಬಂತು. ಅದೇ ದ್ವೀಪ, ಅದೇ ದರ್ಜೆ, ಅದೇ ವೇಗ. ‘ಚಾರ್ಲಿಯನ್ನೇ ಕಂಡವರು ನಾವು’ ಎಂದುಕೊಂಡು ಮನೆ ಬಿಡದವರಿದ್ದರು. ಆದರೆ ಚಾರ್ಲಿ ಗಿಡ್ಡ ಮೈಯದು, ಬಿರಬಿರನೆ ದಾಟಿ ಹೋಗಿತ್ತು. ಇಯಾನ್‌ನ ಮೈ ಅಗಲ, ನಡಿಗೆ ನಿಧಾನ. ಹಾಗಾಗಿ ಅದು ದೂಡಿಕೊಂಡು ಬಂದ ನೀರೇ ಬೇರೆ ಅಳತೆಯದು: ಚಾರ್ಲಿಯ ಕಡಲುಕ್ಕು ಆರೇಳು ಅಡಿ, ಇಯಾನ್‌ದು ಫೋರ್ಟ್ ಮೈಯರ್ಸ್ ಬೀಚಿನಲ್ಲಿ ನೆಲದ ಮೇಲೆ 10ರಿಂದ 15 ಅಡಿ. ಫ್ಲೋರಿಡಾದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು.

ನೀರಿನ ಭಾರ ಕಣ್ಣಿಗೆ ಕಟ್ಟಬೇಕಾದರೆ ತಾರಸಿಯ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕನ್ನು ನೆನೆಯಿರಿ. ಅದರಲ್ಲಿರುವ ನೀರಿನ ತೂಕ ಒಂದು ಟನ್. ಅಂಥ ಸಾವಿರಾರು ಟ್ಯಾಂಕಿನ ನೀರು ಬೀದಿಯಲ್ಲಿ ಓಡಿ ಬಂದರೆ ಗೋಡೆ ಯಾವ ಲೆಕ್ಕ? ‘ಊರಿನವರೇ ಕದಲುತ್ತಿಲ್ಲ, ನಮಗೇಕೆ ಗಾಬರಿ’ ಎಂದು ಪ್ರವಾಸಿಗರು ಹೇಳುವುದುಂಟು. ಊರಿನವರ ಅನುಭವ ಹಳೆಯ ಗಾಳಿಯದು. ಬರುತ್ತಿರುವ ಗಾಳಿಯನ್ನು ಅವರೂ ಇನ್ನೂ ಕಂಡಿಲ್ಲ.

ತಪ್ಪು ಕಲ್ಪನೆ: ನಕ್ಷೆಯಲ್ಲಿ ಬಿಳಿ ಪಟ್ಟೆಯ ಹೊರಗಿದ್ದರೆ ನಾವು ಪಾರು.

ಸತ್ಯ: ಟಿವಿಯಲ್ಲಿ ಕಾಣುವ ಆ ಶಂಕುವಿನಾಕಾರದ ಪಟ್ಟೆ ಹರಿಕೇನ್‌ನ ಕೇಂದ್ರ ಎಲ್ಲಿ ಸಾಗಬಹುದು ಎಂಬ ಅಂದಾಜು, ಅಷ್ಟೆ. ಬಿರುಗಾಳಿಯ ಅಗಲಕ್ಕೂ ಅದಕ್ಕೂ ಸಂಬಂಧವಿಲ್ಲ. ಕೇಂದ್ರವೂ ಮೂರು ಸಲಕ್ಕೆ ಸುಮಾರು ಒಂದು ಸಲ ಪಟ್ಟೆಯಾಚೆ ಹೋಗುವುದುಂಟು. ಇಯಾನ್ ಬರುವ ಮೂರು ದಿನ ಮೊದಲು ಎಲ್ಲರ ಕಣ್ಣು ಇದ್ದದ್ದು ಉತ್ತರದ ಟಾಂಪಾ ನಗರದ ಮೇಲೆ. ಲೀ ಕೌಂಟಿ ಪಟ್ಟೆಯ ಅಂಚಿನಲ್ಲಿತ್ತು. ಏಟು ಬಿದ್ದದ್ದು ಅಂಚಿಗೆ.

ತಪ್ಪು ಕಲ್ಪನೆ: ಕಡಲು ಬಿಟ್ಟು ದೂರದ ಬೆಟ್ಟ ಸೇರಿಕೊಂಡರೆ ಭಯವಿಲ್ಲ.

ಸತ್ಯ: ಕೊಡಗಿನವರು ಇದನ್ನು ಕೇಳಿದರೆ ತಲೆ ಅಲ್ಲಾಡಿಸಿಯಾರು. 2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಜರಿದದ್ದು ಮುಂಗಾರಿನ ಮಳೆಗೆ. ಹರಿಕೇನ್ ಹೊತ್ತು ತರುವ ಮಳೆಯೂ ಬೆಟ್ಟಕ್ಕೆ ಡಿಕ್ಕಿ ಹೊಡೆದಾಗ ಅದನ್ನೇ ಮಾಡುತ್ತದೆ. 2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಎಂಬ ಹರಿಕೇನ್ ಫ್ಲೋರಿಡಾದಲ್ಲಿ ನೆಲ ಮುಟ್ಟಿತು. ಮರುದಿನ, ಅಲ್ಲಿಂದ ಸುಮಾರು 600 ಕಿ.ಮೀ. ಉತ್ತರದಲ್ಲಿ, ನಾರ್ತ್ ಕ್ಯಾರೊಲಿನಾದ ಬೆಟ್ಟಗಳ ನಡುವಿನ ಆಶ್‌ವಿಲ್ ಮುಳುಗಿತ್ತು. ಅಷ್ಟು ಹೊತ್ತಿಗೆ ಗಾಳಿಯ ಬಲ ಇಳಿದು ಹೆಲೀನ್ ಹರಿಕೇನ್ ಆಗಿಯೇ ಉಳಿದಿರಲಿಲ್ಲ. ಆದರೆ ಎರಡು ದಿನ ಮೊದಲೇ ಬೇರೆ ಮಳೆ ಸುರಿದು ನೆಲ ನೀರುಂಡು ತುಂಬಿತ್ತು. ಕೆಲವೆಡೆ ಒಟ್ಟು ಮಳೆ 750 ಮಿ.ಮೀ. ಮೀರಿತು. ಫ್ರೆಂಚ್ ಬ್ರಾಡ್ ನದಿ 1916ರ ದಾಖಲೆಯನ್ನು ಮುರಿಯಿತು, ಗುಡ್ಡ ಜರಿಯಿತು, ಹೆದ್ದಾರಿಯ ತುಂಡುಗಳು ಕೊಚ್ಚಿ ಹೋದವು. ನಲ್ಲಿಯಲ್ಲಿ ಕುಡಿಯಲು ಯೋಗ್ಯವಾದ ನೀರು ಮತ್ತೆ ಬರಲು ನವೆಂಬರ್ ಮಧ್ಯದವರೆಗೆ ಕಾಯಬೇಕಾಯಿತು. ಎಲೆ ಕೆಂಪೇರುವ ಕಾಲಕ್ಕೆ ಬೆಟ್ಟ ನೋಡಲು ಪ್ರವಾಸಿಗರು ಮುಗಿಬೀಳುವ ಊರು ಅದು.

ಹಾಗಾದರೆ ಎಲ್ಲಿಗೆ ಓಡಬೇಕು? ಫ್ಲೋರಿಡಾದ ಅಧಿಕಾರಿಗಳು ಪದೇ ಪದೇ ಹೇಳುವ ಮಾತಿದು: ನೂರಾರು ಮೈಲಿ ಹೋಗಬೇಕಿಲ್ಲ, ಹತ್ತಾರು ಮೈಲಿ ಸಾಕು. ಕಡಲುಕ್ಕು ತಲುಪದಷ್ಟು ಒಳಗೆ, ಗಟ್ಟಿ ಕಟ್ಟಡವೊಂದಕ್ಕೆ ಸೇರಿಕೊಂಡರಾಯಿತು. ನೀರಿಗೆ ಓಡಬೇಕು, ಗಾಳಿಗೆ ಅಡಗಬೇಕು ಎಂಬುದು ಅಲ್ಲಿಯವರ ಸೂತ್ರ.

ತಪ್ಪು ಕಲ್ಪನೆ: ಸ್ಟಾರ್ ಹೋಟೆಲಿನ ಮೇಲಿನ ಮಹಡಿಯಲ್ಲಿದ್ದೇವೆ, ಏನಾಗುತ್ತದೆ?

ಸತ್ಯ: ನೀರು ಮೇಲಕ್ಕೆ ಬರದು, ನಿಜ. ಆದರೆ ಮೇಲೆ ಹೋದಷ್ಟೂ ಗಾಳಿ ಜೋರು. ಮೂವತ್ತು ಮಹಡಿಯ ಕಟ್ಟಡದ ತುದಿಯಲ್ಲಿ ಗಾಳಿ ನೆಲಮಟ್ಟಕ್ಕಿಂತ ಸುಮಾರು ಒಂದು ದರ್ಜೆ ಹೆಚ್ಚಿರುತ್ತದೆ. ಮೆಕ್ಸಿಕೊದ ಅಕಾಪುಲ್ಕೊ ಇದನ್ನು ಕಂಡಿತು. 2023ರ ಅಕ್ಟೋಬರ್ 24ರ ಬೆಳಿಗ್ಗೆ ಓಟಿಸ್ ಎಂಬ ಬಿರುಗಾಳಿ ಇನ್ನೂ ಹರಿಕೇನ್ ಕೂಡ ಆಗಿರಲಿಲ್ಲ. ಅಂದು ಮಧ್ಯರಾತ್ರಿ ದಾಟುವಷ್ಟರಲ್ಲಿ ಅದು 5ನೇ ದರ್ಜೆಗೇರಿ, ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿ ಊರಿನ ಮೇಲೆ ಬಿತ್ತು. ಗಣಿ ಉದ್ಯಮದ ದೊಡ್ಡ ಸಮ್ಮೇಳನಕ್ಕೆ ಸಾವಿರಾರು ಮಂದಿ ಹೊರಗಿನಿಂದ ಬಂದು ಹೋಟೆಲುಗಳಲ್ಲಿ ತುಂಬಿದ್ದರು. ಕಡಲಿಗೆ ಮುಖ ಮಾಡಿದ ಗಾಜಿನ ಗೋಡೆಗಳು ಒಡೆದು ಹಾರಿದವು. ಹಾಸಿಗೆಯನ್ನು ಬಾಗಿಲಿಗೆ ಒತ್ತಿ ಹಿಡಿದು ಬಚ್ಚಲುಮನೆಯಲ್ಲಿ ರಾತ್ರಿ ಕಳೆದವರಿದ್ದಾರೆ. ಬೆಳಕು ಹರಿದಾಗ ಫೋನಿಲ್ಲ, ಕರೆಂಟಿಲ್ಲ, ವಿಮಾನ ನಿಲ್ದಾಣ ಮುಚ್ಚಿತ್ತು.

ಹೋಟೆಲಿನಲ್ಲೇ ಉಳಿಯಬೇಕಾಗಿ ಬಂದರೆ ಕಡಲುಕ್ಕಿಗೆ ಎಟುಕದ, ಆದರೆ ತೀರಾ ಮೇಲಲ್ಲದ ಮಹಡಿ ಕೇಳಿ. ಕಿಟಕಿಯಿಲ್ಲದ ಬಚ್ಚಲುಮನೆ, ಒಳಗಿನ ಓಣಿ, ಮೆಟ್ಟಿಲ ಗೂಡು, ಇವು ಅಡಗುವ ಜಾಗಗಳು. ಲಿಫ್ಟ್ ಬೇಡ. ಇಷ್ಟಾದರೂ ಜಾಗ ಬಿಡಲು ಆದೇಶವಾಗಿದ್ದರೆ ಬಿಡುವುದೇ ದಾರಿ.

ತಪ್ಪು ಕಲ್ಪನೆ: ಗಾಳಿ ಶುರುವಾಗಲಿ, ಆಮೇಲೆ ಹೊರಟರಾಯಿತು.

ಸತ್ಯ: ಗಾಳಿ ಶುರುವಾಗುವ ಹೊತ್ತಿಗೆ ವಿಮಾನಗಳು ರದ್ದಾಗಿರುತ್ತವೆ, ಪೆಟ್ರೋಲ್ ಬಂಕುಗಳು ಖಾಲಿಯಾಗಿರುತ್ತವೆ. ಫ್ಲೋರಿಡಾದ ಹಲವೆಡೆ ಗಾಳಿ ಗಂಟೆಗೆ 65–70 ಕಿ.ಮೀ. ಮುಟ್ಟಿತೆಂದರೆ ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳೂ ರಸ್ತೆಗಿಳಿಯುವುದಿಲ್ಲ. ಆಗ ಫೋನು ಹತ್ತಿದರೂ ಆಳು ಬರುವುದಿಲ್ಲ. ಚಿಪ್ಪು ಆರಿಸಲು ಜನ ಹೋಗುವ ಸ್ಯಾನಿಬೆಲ್ ದ್ವೀಪಕ್ಕೆ ಇದ್ದದ್ದು ಒಂದೇ ರಸ್ತೆ. ಇಯಾನ್ ಅದನ್ನು ಹಲವು ಕಡೆ ಕಡಿದು ಹಾಕಿತು. ಉಳಿದುಕೊಂಡವರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಹೊರತರಬೇಕಾಯಿತು.

ಮೊದಲೇ ಹೊರಟರೆ ಏನು ಲಾಭವೆಂದು ಪುರಿ ತೋರಿಸಿದೆ. 2019ರ ಮೇ 3ರಂದು ಫನಿ ಚಂಡಮಾರುತ ಅಪ್ಪಳಿಸುವ ಮುನ್ನವೇ ಪ್ರವಾಸಿಗರಿಗೆ ಊರು ಬಿಡಲು ಹೇಳಿ ವಿಶೇಷ ರೈಲು ಬಿಟ್ಟರು. ಒಡಿಶಾದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದರು. 1999ರ ಮಹಾಚಂಡಮಾರುತದಲ್ಲಿ ಅದೇ ರಾಜ್ಯದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತಿದ್ದರು. ಫನಿಯಲ್ಲಿ ಆ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ.

ಚಿಲ್ಲರೆ ನಂಬಿಕೆಗಳು, ಚುಟುಕು ಉತ್ತರಗಳು

ಕಿಟಕಿಗೆ ಟೇಪು ಅಂಟಿಸಿದರೆ ಗಾಜು ಉಳಿಯುತ್ತದೆಯೇ? ಇಲ್ಲ. ಒಡೆದಾಗ ಇನ್ನೂ ದೊಡ್ಡ ಚೂರುಗಳಾಗಿ ಬೀಳಬಹುದು.

ಒತ್ತಡ ಸರಿದೂಗಲು ಒಂದು ಕಿಟಕಿ ತೆರೆದಿಡಬೇಕೇ? ಬೇಡವೇ ಬೇಡ. ಒಳನುಗ್ಗಿದ ಗಾಳಿ ಸೂರನ್ನೇ ಎತ್ತಲು ನೋಡುತ್ತದೆ.

ಗಾಳಿ ನಿಂತು ಆಕಾಶ ತಿಳಿಯಾಯಿತು, ಮುಗಿಯಿತೇ? ಅದು ಬಿರುಗಾಳಿಯ ಕಣ್ಣು ತಲೆಯ ಮೇಲೆ ಬಂದ ಗುರುತು ಇರಬಹುದು. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಬೀಸುತ್ತದೆ.

ದೊಡ್ಡ ಕಾರಿದೆ, ನೀರಿನಲ್ಲಿ ದಾಟಬಹುದೇ? ಹರಿಯುವ ನೀರು ಅರ್ಧ ಅಡಿಯಿದ್ದರೆ ನಿಂತ ಮನುಷ್ಯನನ್ನು ಕೆಡವುತ್ತದೆ. ಒಂದು ಅಡಿಗೆ ಸಣ್ಣ ಕಾರು, ಎರಡು ಅಡಿಗೆ ಬಹುತೇಕ ಎಲ್ಲ ವಾಹನಗಳೂ ತೇಲಿಹೋಗಬಲ್ಲವು.

ಸುದ್ದಿ ಬಂದ ಮೇಲೆ ಪ್ರಯಾಣ ವಿಮೆ ಮಾಡಿಸಿದರೆ? ಸಾಮಾನ್ಯವಾಗಿ ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೊಂಡ ಪಾಲಿಸಿ ಆ ಬಿರುಗಾಳಿಯ ನಷ್ಟಕ್ಕೆ ಒದಗುವುದಿಲ್ಲ. ಟಿಕೆಟ್ ಕೊಂಡ ದಿನವೇ ವಿಮೆಯನ್ನೂ ಕೊಂಡುಬಿಡಿ.

ಚೆಕ್-ಇನ್ ಮಾಡುವಾಗ ಮೂರು ಪ್ರಶ್ನೆ

ವೈಫೈ ಪಾಸ್‌ವರ್ಡ್ ಕೇಳುವ ಹೊತ್ತಿಗೇ ರಿಸೆಪ್ಷನ್‌ನಲ್ಲಿ ಇನ್ನೂ ಮೂರು ಮಾತು ಕೇಳಿ. ಈ ಜಾಗ ಯಾವ ಕೌಂಟಿಗೆ ಸೇರಿದ್ದು? ಇಲ್ಲಿನ ಸ್ಥಳಾಂತರ ವಲಯದ ಅಕ್ಷರ ಯಾವುದು? ಬಿಡಿ ಎಂದರೆ ಯಾವ ರಸ್ತೆಯಲ್ಲಿ ಎಲ್ಲಿಗೆ ಹೋಗಬೇಕು? ಉತ್ತರವನ್ನು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಒಳಗಿಡಿ, ಒಂದು ಪ್ರತಿಯನ್ನು ಊರಿನಲ್ಲಿರುವವರಿಗೆ ಕಳಿಸಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ವಾರಕ್ಕಾಗುವಷ್ಟು ಹೆಚ್ಚೇ ಇರಲಿ. ಕಾರ್ಡು ನಡೆಯದ ದಿನಕ್ಕೆ ಒಂದಿಷ್ಟು ನಗದೂ ಇರಲಿ.

ಬಾಗಿಲ ಸಂದಿಯಲ್ಲಿ ಬಂದ ಆ ಹಾಳೆಗೆ ಮತ್ತೆ ಬರೋಣ. ಯಾವ ಬೀದಿ ಎಷ್ಟು ತಗ್ಗು, ಯಾವ ಸೇತುವೆ ಯಾವಾಗ ಮುಚ್ಚುತ್ತದೆ, ನೀರು ಎಲ್ಲಿಯವರೆಗೆ ಬಂದೀತು ಎಂದು ಆ ಊರಿಗೆ ಗೊತ್ತಿರುವುದೆಲ್ಲ ಎರಡು ಸಾಲಿಗಿಳಿದು ಅದರಲ್ಲಿದೆ. ಪರವೂರಿನವರಿಗೆ ಅದಕ್ಕಿಂತ ಒಳ್ಳೆಯ ನೆರೆಯವರು ಆ ಬೆಳಿಗ್ಗೆ ಸಿಗಲಾರರು. ಚೀಟಿ ತೆಗೆಯಿರಿ. ಕೌಂಟಿ ನಮ್ಮದೇ, ಅಕ್ಷರವೂ ನಮ್ಮದೇ ಆಗಿದ್ದರೆ ಬ್ಯಾಗು ಎತ್ತಿ. ತಿಂಡಿ ದಾರಿಯಲ್ಲಿ ಮಾಡಿದರಾಯಿತು.