ಮುಗಿದುಹೋದ ರಿಯಾಯಿತಿ ಸರಕು

ಬೆಂಗಳೂರಿನ ದೊಡ್ಡನೆಕ್ಕುಂದಿಯಂತಹ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ತಿಂಗಳ ದಿನಸಿಗೆ ಸೂಪರ್‌ಮಾರ್ಕೆಟ್‌ಗೆ ಹೋಗುವ ಕುಟುಂಬಗಳಿಗೆ, ಸೋನಾ ಮಸೂರಿಯ ರಿಯಾಯಿತಿ ಫಲಕ ತೂಗುತ್ತಿದ್ದರೂ ಅದರ ಕೆಳಗೆ ಅಕ್ಕಿಯ ಒಂದು ಚೀಲವೂ ಉಳಿದಿರದ ಕಪಾಟು ಅಪರಿಚಿತವೇನಲ್ಲ. ಅಮೆರಿಕದ ಹಲವು ಅಂಗಡಿಗಳು ಇಂಥ ಸಂದರ್ಭದಲ್ಲಿ 'ರೇನ್‌ಚೆಕ್' ನೀಡುತ್ತವೆ. ಅಂದರೆ, ಸರಕು ಮುಗಿದಾಗ ಬರೆದುಕೊಡುವ ಈ ಚೀಟಿಯನ್ನು ತೋರಿಸಿ, ಹೊಸ ದಾಸ್ತಾನು ಬಂದ ಮೇಲೆ ಅದೇ ರಿಯಾಯಿತಿ ದರದಲ್ಲಿ ಕೊಳ್ಳಬಹುದು.

ಭಾರತದಲ್ಲಿ ಈ ರೂಢಿ ಬೆಳೆದಿಲ್ಲವಾದರೂ ಗ್ರಾಹಕರು ಪೂರ್ತಿ ಅಸಹಾಯಕರಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು, ಕಡಿಮೆ ದರ ತೋರಿಸಿ ಸೆಳೆಯುವ 'ಆಮಿಷದ ಜಾಹೀರಾತಿ'ಗೆ ಷರತ್ತು ವಿಧಿಸಿದ್ದು, ನಿರೀಕ್ಷಿತ ಬೇಡಿಕೆಗೆ ಸಾಕಾಗುವಷ್ಟು ಸರಕು ಇರಬೇಕು, ಇಲ್ಲವಾದರೆ ದಾಸ್ತಾನು ಸೀಮಿತವೆಂದು ಜಾಹೀರಾತಿನಲ್ಲೇ ಸ್ಪಷ್ಟಪಡಿಸಬೇಕು ಎನ್ನುತ್ತದೆ. ಸಂಬಳದ ದಿನಕ್ಕೆ ಕಾಯ್ದು ಕೊಳ್ಳುವ ಮನೆಗಳಿಗೆ ಈ ರಕ್ಷಣೆ ನಿಜಕ್ಕೂ ದೊಡ್ಡದು.

ಆದ್ದರಿಂದ ದರದ ಫಲಕವನ್ನೂ ಖಾಲಿ ಕಪಾಟನ್ನೂ ಫೋಟೊ ತೆಗೆದಿಟ್ಟುಕೊಂಡು, ಸರಕು ಬಂದಾಗ ಅದೇ ದರಕ್ಕೆ ಕೊಡುವಿರಾ ಎಂದು ವ್ಯವಸ್ಥಾಪಕರನ್ನು ಕೇಳುವುದು ಸೂಕ್ತ. ಒಪ್ಪಲೇಬೇಕೆಂಬ ಕಡ್ಡಾಯವಿಲ್ಲದಿದ್ದರೂ, ಜಾಹೀರಾತೇ ದಾರಿ ತಪ್ಪಿಸುವಂತಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.